ನಿಮ್ಮ ಕೂಲಿಯನ್ನು ಕೊಡುತ್ತಿರುವವರು ಯಾರು?

ಪ್ರಶ್ನೆ: ಎಂಟು ತಿಂಗಳ ಹಿಂದೆ ಕಚೇರಿ ಕೆಲಸ ಬಿಟ್ಟು, ಮನೆಯಲ್ಲೇ ಬಟ್ಟೆಯ ಚೀಲ ಹೊಲಿದು ಮಾರಲು ಶುರು ಮಾಡಿದೆ. ಮೊದಲ ಮೂರು ತಿಂಗಳು ಬೆಳಗಾಗುವುದನ್ನೇ ಕಾಯುತ್ತಿದ್ದೆ. ಈಗ ಯಂತ್ರದ ಮುಂದೆ ಕೂರಲು ಮನಸ್ಸೇ ಬರುವುದಿಲ್ಲ. ಕೆಲಸಕ್ಕೇನೂ ಕೊರತೆಯಿಲ್ಲ, ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತೇನೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಒಂದು ಚೀಲಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ದರ ಇಟ್ಟಿದ್ದೇನೆ. ರಾತ್ರಿ ಹನ್ನೊಂದಕ್ಕೂ ಗ್ರಾಹಕರ ಸಂದೇಶ ಬರುತ್ತದೆ. ‘ಹೇಗೂ ಮನೆಯಲ್ಲೇ ಇರುತ್ತೀಯಲ್ಲ’ ಎಂದು ಮನೆಯವರು ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಈಗ ಹತ್ತಿರದ ಸಂಬಂಧಿಯೊಬ್ಬರು ತಮ್ಮ ಸಮಾರಂಭಕ್ಕೆ ಮೂವತ್ತು ಚೀಲ ಬೇಕು, ಬಟ್ಟೆಯ ಖರ್ಚು ಮಾತ್ರ ಕೊಡುತ್ತೇನೆ ಎಂದಿದ್ದಾರೆ. ದಿನವೂ ಹುರುಪು ತುಂಬುವ ಭಾಷಣಗಳನ್ನು ಕೇಳುತ್ತೇನೆ. ಅದರ ಬಿಸಿ ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ನನ್ನದು ಬರೀ ಆರಂಭಶೂರತ್ವವೇ? ಮತ್ತೆ ಕೆಲಸಕ್ಕೆ ಸೇರಿಬಿಡಲೇ?

ಉತ್ತರ: ಎಂಟು ತಿಂಗಳು, ವಾರಕ್ಕೆ ಎಪ್ಪತ್ತೆರಡು ಗಂಟೆ ದುಡಿದವರನ್ನು ಆರಂಭಶೂರರು ಎಂದು ಯಾರೂ ಕರೆಯಬಾರದು, ನೀವೂ ಕರೆದುಕೊಳ್ಳಬಾರದು. ಆರಂಭಶೂರರು ಮೂರನೆಯ ತಿಂಗಳಿಗೇ ಯಂತ್ರಕ್ಕೆ ಮುಸುಕು ಹಾಕಿ ಎದ್ದುಹೋಗಿರುತ್ತಾರೆ. ನೀವು ಮನಸ್ಸಿಲ್ಲದಿದ್ದರೂ ಐದು ತಿಂಗಳಿನಿಂದ ಕುಳಿತೇ ಇದ್ದೀರಿ. ಆ ಪದವನ್ನು ಇಲ್ಲಿಗೇ ಬಿಟ್ಟುಬಿಡೋಣ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಕಣ್ಣು ಹೋಗಿ ನಿಂತದ್ದು ‘ನಲವತ್ತು ನಿಮಿಷ’ ಎಂಬ ಮಾತಿನ ಮೇಲೆ. ಮನಸ್ಸು ಬರುತ್ತಿಲ್ಲ ಎಂಬುದು ನಿಮ್ಮ ದೂರು. ಅದರ ಬೇರು ಈ ನಲವತ್ತು ನಿಮಿಷದಲ್ಲಿದೆ ಎಂಬುದು ನನ್ನ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ದರದ ಪಟ್ಟಿಗೆ ಬಂದಿರುವ ಕಾಯಿಲೆಗೆ ನೀವು ಮನಸ್ಸಿಗೆ ಭಾಷಣದ ಮದ್ದು ಕುಡಿಸುತ್ತಿದ್ದೀರಿ. ಅದು ಮಧ್ಯಾಹ್ನಕ್ಕೇ ಇಳಿದುಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಕಳೆದ ವರ್ಷ ನಿಮ್ಮಂತೆಯೇ ಚೀಲ ಹೊಲಿಯುವ ಒಬ್ಬರ ಪಕ್ಕದಲ್ಲಿ ನಾನು ಗಡಿಯಾರ ಹಿಡಿದು ಕುಳಿತಿದ್ದೆ. ಅವರೂ ‘ಒಂದು ಚೀಲಕ್ಕೆ ನಲವತ್ತು ನಿಮಿಷ ಸಾಕು’ ಎಂದಿದ್ದರು. ಒಳಪದರ ಮತ್ತು ಜಿಪ್ ಇರುವ, ಹೆಗಲಿಗೆ ಹಾಕಿಕೊಳ್ಳುವ ಸಾಧಾರಣ ಚೀಲ ಅದು. ಬಟ್ಟೆಗೆ ಇಸ್ತ್ರಿ ಹಾಕಿ, ಅಳತೆಯ ರಟ್ಟು ಇಟ್ಟು ಸೀಮೆಸುಣ್ಣದಲ್ಲಿ ಗುರುತು ಮಾಡಲು 12 ನಿಮಿಷ. ಹೊರಬಟ್ಟೆ, ಒಳಪದರ, ಹಿಡಿಕೆ, ಜೇಬು ಎಲ್ಲವನ್ನೂ ಕತ್ತರಿಸಲು 14. ಆಮೇಲೆ ಯಂತ್ರದ ಮುಂದೆ ಕುಳಿತರು. ಜಿಪ್ ಕೂರಿಸಿ, ಜೇಬು ಹೊಲಿದು, ಬದಿಗಳನ್ನು ಕೂಡಿಸಿ, ಚೀಲವನ್ನು ಮಗುಚಿ ಒಳಮುಖ ಹೊರಗೆ ತಂದು, ಕತ್ತರಿಯ ಮೊಂಡು ತುದಿಯಿಂದ ಮೂಲೆಗಳನ್ನು ನೂಕಿ ಚೂಪು ಮಾಡಿದರು. ಅದಕ್ಕೆಲ್ಲ ಸೇರಿ 38 ನಿಮಿಷ. ಅವರು ಹೇಳಿದ ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ನಡುವೆ ಬಾಬಿನ್ನಿನ ದಾರ ಮುಗಿಯಿತು. ಹಿಡಿಕೆಯ ನಾಲ್ಕು ಪದರ ಒಟ್ಟಾಗುವ ಜಾಗದಲ್ಲಿ ಸೂಜಿ ಮುರಿಯಿತು. ಅದಕ್ಕೆ 6 ನಿಮಿಷ. ದಾರದ ತುದಿಗಳನ್ನು ಕತ್ತರಿಸಲು 5, ಕೊನೆಯ ಇಸ್ತ್ರಿಗೆ 7, ಬೆಳಕಿಗೆ ಹಿಡಿದು ಫೋಟೊ ತೆಗೆಯಲು 9, ಮಡಚಿ ಕಟ್ಟಿ ವಿಳಾಸ ಬರೆಯಲು 11. ಆ ಒಂದು ಚೀಲದ ಬಣ್ಣ, ಅಳತೆ, ಹಣ, ತಲುಪುವ ದಿನ ಇವುಗಳ ಬಗ್ಗೆ ಗ್ರಾಹಕರೊಂದಿಗೆ ಸಂದೇಶ ಹಂಚಿಕೊಂಡದ್ದಕ್ಕೆ 8.

ಕೂಡಿದಾಗ ಬಂದದ್ದು 110 ನಿಮಿಷ. ಅಂದರೆ ಒಂದು ಗಂಟೆ ಐವತ್ತು ನಿಮಿಷ.

ಆ ಹಾಳೆಯನ್ನು ಅವರು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ. ಆಮೇಲೆ ಎದ್ದುಹೋಗಿ ನೀರು ಕುಡಿದು ಬಂದು, ‘ಹಾಗಾದರೆ ನನಗೆ ಸುಸ್ತಾಗುತ್ತಿದ್ದದ್ದು ಸುಳ್ಳಲ್ಲ’ ಎಂದರು. ಆ ಮಾತನ್ನು ನಾನು ಮರೆತಿಲ್ಲ.

ಅವರು ತಮ್ಮನ್ನು ತಾವು ಮೋಸಗೊಳಿಸಿಕೊಂಡಿರಲಿಲ್ಲ. ಕೆಲಸ ಎಂದರೆ ಎಲ್ಲರ ಮನಸ್ಸೂ ಅದರ ನಡುಭಾಗವನ್ನು ಮಾತ್ರ ನೆನಪಿಡುತ್ತದೆ. ಹಿಂದುಮುಂದಿನ ಸಣ್ಣ ಕೆಲಸಗಳು ಲೆಕ್ಕಕ್ಕೇ ಬರುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ ಈ ಎಡವಟ್ಟಿಗೆ 1979ರಲ್ಲೇ ಒಂದು ಹೆಸರು ಕೊಟ್ಟರು. ಯೋಜನೆಯ ಭ್ರಮೆ ಎನ್ನಬಹುದು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ ಎಷ್ಟು ದಿನ ಎಂದೂ ಕೇಳಿದರು. ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಅತ್ಯಂತ ಕೆಟ್ಟ ಪರಿಸ್ಥಿತಿಯನ್ನು ಊಹಿಸಿಕೊಂಡು ಹೇಳಿದ ಲೆಕ್ಕವೂ ಸಾಲಲಿಲ್ಲ. ಅದಕ್ಕೇ ಹೇಳುತ್ತೇನೆ, ನಿಮ್ಮ ಸಮಯವನ್ನು ಊಹಿಸಬೇಡಿ, ಅಳೆಯಿರಿ. ಈ ವಾರ ಮೂರು ಚೀಲಗಳಿಗೆ, ಬಟ್ಟೆ ಕೈಗೆತ್ತಿಕೊಂಡ ಗಳಿಗೆಯಿಂದ ಪೊಟ್ಟಣ ಮನೆಯಿಂದ ಹೊರಹೋಗುವವರೆಗೆ ಹಾಳೆಯಲ್ಲಿ ಬರೆದಿಡಿ. ಮೂರು ಸಾಕು. ನಾಲ್ಕನೆಯದಕ್ಕೆ ನಿಮಗೇ ಬೇಸರ ಬರುತ್ತದೆ, ಅಷ್ಟರಲ್ಲಿ ಬೇಕಾದದ್ದು ಸಿಕ್ಕಿರುತ್ತದೆ.

ನಿಮ್ಮದೂ 110 ನಿಮಿಷ ಎಂದೇ ಇಟ್ಟುಕೊಳ್ಳೋಣ. ನಲವತ್ತು ನಿಮಿಷದ ಕೂಲಿ ಸೇರಿಸಿ ದರ ಇಟ್ಟಿದ್ದೀರಿ. ಗಂಟೆಗೆ ನೂರು ಪಾಲು ದುಡಿಯುತ್ತಿದ್ದೇನೆ ಎಂದು ನೀವು ಅಂದುಕೊಂಡಿದ್ದರೆ ಕೈಗೆ ಬರುತ್ತಿರುವುದು 36 ಪಾಲು. ಉಳಿದ 64 ಪಾಲನ್ನು ಯಾರು ಕೊಡುತ್ತಿದ್ದಾರೆ? ಗ್ರಾಹಕರು ಕೊಡುತ್ತಿಲ್ಲ. ನೀವು ಕೊಡುತ್ತಿದ್ದೀರಿ, ನಿಮ್ಮ ನಿದ್ರೆಯಿಂದ, ಬೆನ್ನಿನಿಂದ, ಭಾನುವಾರದಿಂದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಮೊದಲರ್ಧ ನಿಮ್ಮ ಪಾಲಿಗೆ ಬಂದಿದೆ. ಎರಡನೆಯದು ಚೀಲದ ಜೊತೆಗೆ ಬೇರೆಯವರ ಮನೆಗೆ ಹೋಗುತ್ತಿದೆ.

ಉತ್ಸಾಹದ ವಿಷಯಕ್ಕೆ ಈಗ ಬರುತ್ತೇನೆ. ಬೆಳಿಗ್ಗೆ ಯಂತ್ರದ ಮುಂದೆ ಕೂರಲು ನಿಮ್ಮ ಮನಸ್ಸು ಒಪ್ಪದಿದ್ದಾಗ ನೀವು ಅದನ್ನು ಸೋಮಾರಿ ಎಂದು ಬೈಯುತ್ತೀರಿ. ನನ್ನ ಪ್ರಕಾರ ನಿಮ್ಮ ಮನೆಯಲ್ಲಿ ಸರಿಯಾಗಿ ಲೆಕ್ಕ ಇಟ್ಟಿರುವುದು ಅದೊಂದೇ. ನೂರು ಪಾಲು ಕೊಟ್ಟು ಮೂವತ್ತಾರು ಪಡೆಯುವ ವ್ಯವಹಾರ ಎಂಟು ತಿಂಗಳಿನಿಂದ ನಡೆಯುತ್ತಿದೆ ಎಂದು ಅದಕ್ಕೆ ಗೊತ್ತಾಗಿದೆ, ಅಂಕಿಗಳಲ್ಲಿ ಹೇಳಲು ಬರುವುದಿಲ್ಲ ಅಷ್ಟೆ. ಪ್ರೇರಣೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್, ಮನುಷ್ಯ ಒಂದು ಕೆಲಸದಲ್ಲಿ ತಾನಾಗಿಯೇ ತೊಡಗಿಕೊಂಡಿರಲು ಮೂರು ಬೇಕು ಎನ್ನುತ್ತಾರೆ: ತನ್ನ ನಿರ್ಧಾರ ತನ್ನ ಕೈಯಲ್ಲಿದೆ ಎಂಬ ಭಾವ, ಕೆಲಸದಲ್ಲಿ ಕೈ ಪಳಗುತ್ತಿದೆ ಎಂಬ ಅನುಭವ, ಜೊತೆಗೆ ಯಾರಾದರೂ ಇದ್ದಾರೆ ಎಂಬ ನಂಟು. ನೀವು ಕಚೇರಿ ಬಿಟ್ಟದ್ದು ಮೊದಲನೆಯದಕ್ಕಾಗಿ. ಆದರೆ ರಾತ್ರಿ ಹನ್ನೊಂದರ ಸಂದೇಶ, ಮನೆಯವರ ಕರೆ, ಸಂಬಂಧಿಕರ ಮೂವತ್ತು ಚೀಲ ಎಲ್ಲ ಸೇರಿ ಅದನ್ನೇ ಕಿತ್ತುಕೊಂಡಿವೆ. ಒಬ್ಬ ಮೇಲಧಿಕಾರಿಯನ್ನು ಬಿಟ್ಟು ಬಂದಿರಿ. ಈಗ ಮೊಬೈಲಿನಲ್ಲಿ ಅರವತ್ತು ಜನ ಇದ್ದಾರೆ.

ಹಾಗಾಗಿ ಮೊದಲು ದರ. ಈ ಲೆಕ್ಕವನ್ನು ಪೆನ್ನು ಹಿಡಿದು ನನ್ನ ಜೊತೆಗೇ ಮಾಡಿ.

ವರ್ಷಕ್ಕೆ 52 ವಾರ. ಕಾಯಿಲೆ, ರಜೆ, ಮನೆಯಲ್ಲಿ ಏನಾದರೂ ಬಂದೊದಗುವುದು ಎಲ್ಲಕ್ಕೂ ಆರು ವಾರ ಕಳೆದರೆ 46. ವಾರಕ್ಕೆ 40 ಗಂಟೆಯಂತೆ 1,840 ಗಂಟೆ. (ಎಪ್ಪತ್ತೆರಡನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ.) ಇದರಲ್ಲಿ ಬಟ್ಟೆ ಕೊಳ್ಳಲು ಹೋಗುವುದು, ಲೆಕ್ಕ ಬರೆಯುವುದು, ಹೊಸ ಮಾದರಿ ಮಾಡಿ ನೋಡುವುದು, ಯಂತ್ರಕ್ಕೆ ಎಣ್ಣೆ ಬಿಟ್ಟು ಸರಿಪಡಿಸುವುದು, ವಿಚಾರಿಸಿ ಕೊಳ್ಳದೆ ಹೋಗುವವರಿಗೆ ಉತ್ತರಿಸುವುದು, ಹೀಗೆ ಯಾವೊಂದು ಚೀಲದ ಖಾತೆಗೂ ನೇರವಾಗಿ ಸೇರದ ಕೆಲಸಕ್ಕೆ ನೂರಕ್ಕೆ ನಲವತ್ತು ಭಾಗ ಹೋಗುತ್ತದೆ ಎನ್ನೋಣ. ಶುರುವಿನ ವರ್ಷದಲ್ಲಿ ಇದು ಹೆಚ್ಚೇನಲ್ಲ. ಉಳಿದದ್ದು 1,104 ಗಂಟೆ. ವಾರಕ್ಕೆ ಬರೀ 24. ನಿಮ್ಮ ಕೂಲಿ ಹುಟ್ಟಬೇಕಾದದ್ದು ಈ ಗಂಟೆಗಳಲ್ಲಿ ಮಾತ್ರ.

ಈಗ ಒಂದು ವರ್ಷಕ್ಕೆ ನಿಮ್ಮ ಸಂಸಾರಕ್ಕೆ ನೀವು ತರಲೇಬೇಕಾದ ಮೊತ್ತ ಬರೆಯಿರಿ. ಬಟ್ಟೆ, ದಾರ, ಜಿಪ್ ಬಿಟ್ಟು ಉಳಿದ ಖರ್ಚುಗಳನ್ನು, ಅಂದರೆ ವಿದ್ಯುತ್, ಯಂತ್ರದ ಸವಕಳಿ, ಮೊಬೈಲ್, ತೆರಿಗೆ ಇವನ್ನು ಕೂಡಿಸಿ. ಆ ಮೊತ್ತವನ್ನು 1,104ರಿಂದ ಭಾಗಿಸಿ. ಬಂದದ್ದು ನಿಮ್ಮ ಒಂದು ಗಂಟೆಯ ಬೆಲೆ. ಬಹಳ ಜನ ಇದೇ ಮೊತ್ತವನ್ನು 52 ವಾರ, 40 ಗಂಟೆ ಎಂದು 2,080ರಿಂದ ಭಾಗಿಸುತ್ತಾರೆ. ಆಗ ಬರುವ ದರ, ಬರಬೇಕಾದದ್ದರ ನೂರಕ್ಕೆ 53 ಮಾತ್ರ. ವರ್ಷವಿಡೀ ದುಡಿದರೂ ಅರ್ಧದಷ್ಟೇ ಕೈಗೆ ಬಂದು, ತಪ್ಪು ಎಲ್ಲಿ ನಡೆಯಿತು ಎಂದು ಗೊತ್ತೇ ಆಗುವುದಿಲ್ಲ.

ಒಂದು ಗಂಟೆಯ ಬೆಲೆ ಗೊತ್ತಾದ ಮೇಲೆ ಚೀಲದ ದರ ತಾನಾಗಿ ಬರುತ್ತದೆ: 110 ನಿಮಿಷದ ಕೂಲಿ, ಅದಕ್ಕೆ ಬಟ್ಟೆ, ಜಿಪ್, ದಾರ. ಆ ಅಂಕಿ ನೋಡಿ ನಿಮ್ಮ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ‘ಇಷ್ಟು ಕೊಟ್ಟು ಯಾರು ಕೊಳ್ಳುತ್ತಾರೆ?’ ನ್ಯಾಯವಾದ ಪ್ರಶ್ನೆ. ಇದಕ್ಕೆ ಧೈರ್ಯದ ಮಾತುಗಳಿಗಿಂತ ಲೆಕ್ಕವೇ ಒಳ್ಳೆಯ ಉತ್ತರ. ಈಗಿನ ದರ ನೂರು ಪಾಲು, ಅದರಲ್ಲಿ ಸಾಮಾನಿನ ಖರ್ಚು ನಲವತ್ತು ಎಂದುಕೊಳ್ಳಿ. ನಿಮಗೆ ಉಳಿಯುವುದು ಅರವತ್ತು. ಹತ್ತು ಚೀಲಕ್ಕೆ ಆರು ನೂರು. ದರವನ್ನು 125ಕ್ಕೆ ಏರಿಸಿದಿರಿ, ಹತ್ತರಲ್ಲಿ ಮೂವರು ಗ್ರಾಹಕರು ಬಿಟ್ಟುಹೋದರು. ಉಳಿದ ಏಳು ಚೀಲಕ್ಕೆ ತಲಾ 85ರಂತೆ 595. ಹೆಚ್ಚುಕಡಿಮೆ ಅಷ್ಟೇ ಆದಾಯ, ಮೂರು ಚೀಲದ ಕೆಲಸ ಇಲ್ಲ. ಐದೂವರೆ ಗಂಟೆ ಉಳಿಯಿತು. ಇನ್ನು ಇದನ್ನೇ ತಿರುಗಿಸಿ ನೋಡಿ. ಯಾರೋ ಚೌಕಾಸಿ ಮಾಡಿದರೆಂದು ಹತ್ತು ಪಾಲು ಇಳಿಸಿದಿರಿ. ಆಗ ಉಳಿಯುವುದು ತಲಾ ಐವತ್ತು. ಅದೇ ಆರು ನೂರಕ್ಕೆ ಹನ್ನೆರಡು ಚೀಲ ಹೊಲಿಯಬೇಕು. ನೂರಕ್ಕೆ ಹತ್ತು ಬಿಟ್ಟುಕೊಟ್ಟೆ ಎಂದು ನೀವು ಅಂದುಕೊಂಡಿರುತ್ತೀರಿ. ಬಿಟ್ಟುಕೊಟ್ಟದ್ದು ಮೂರೂವರೆ ಗಂಟೆಗೂ ಹೆಚ್ಚಿನ ದುಡಿಮೆಯನ್ನು.

ಎಲ್ಲರಿಗೂ ಒಂದೇ ದಿನ ಏರಿಸಬೇಡಿ. ಹೊಸಬರಿಗೆ ನಾಳೆಯಿಂದಲೇ ಹೊಸ ದರ ಹೇಳಿ. ಹಳಬರಿಗೆ ಒಂದು ತಿಂಗಳು ಮುಂಚೆ ತಿಳಿಸಿ. ಕಡಿಮೆ ಹಣವಿದೆ ಎಂದವರಿಗೆ ದರ ಇಳಿಸುವ ಬದಲು ಕೆಲಸ ಇಳಿಸಿ: ಒಳಪದರ ಇಲ್ಲದ, ಜಿಪ್ ಇಲ್ಲದ, ಒಂದೇ ಜೇಬಿನ ಚೀಲ. ಅರ್ಧ ಹಣ ಮುಂಗಡ ಬಂದ ಮೇಲೆಯೇ ಬಟ್ಟೆಗೆ ಕತ್ತರಿ ಹಾಕಿ. ದರ ಹೇಳಿದ ಮೇಲೆ ಸುಮ್ಮನಿರಿ. ‘ದುಬಾರಿಯಾಯಿತೇನೋ, ನೋಡೋಣ, ಹೊಂದಿಸೋಣ’ ಎಂದು ನೀವೇ ಸೇರಿಸುವ ಮಾತು ಅವರ ಬಾಯಿಗೆ ಚೌಕಾಸಿಯನ್ನು ಇಟ್ಟುಕೊಡುತ್ತದೆ.

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಸಲಹೆ ಕೊಡುವ ಕೆಲಸಕ್ಕೆ ಬರುವ ಮುಂಚೆ ಆರು ವರ್ಷ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದೆ. ಎರಡನೆಯ ವರ್ಷ ಪರಿಚಿತರೊಬ್ಬರು ನೂರು ಪ್ರತಿ ತಂದು, ಬೆಳಿಗ್ಗೆ ಹತ್ತಕ್ಕೆ ಬೇಕು, ದರ ಸ್ವಲ್ಪ ನೋಡಿಕೊಳ್ಳಿ ಎಂದರು. ಪರಿಚಯದ ದಾಕ್ಷಿಣ್ಯ. ಅರ್ಧ ದರಕ್ಕೆ ಒಪ್ಪಿಕೊಂಡೆ. ಫಾರಂಗಳನ್ನು, ಅಂದರೆ ಮಡಚಿದ ಪುಟಗಳ ಕಟ್ಟುಗಳನ್ನು ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ರಟ್ಟಿಗೆ ಬಟ್ಟೆ ಸುತ್ತಿ ಕೂರಿಸುವಷ್ಟರಲ್ಲಿ ಬೆಳಗಿನ ಜಾವ ನಾಲ್ಕು. ಅಂಟು ಆರಲು ಇಡೀ ರಾತ್ರಿ ಪ್ರೆಸ್ಸಿನ ಒತ್ತಿನಲ್ಲಿ ಇರಬೇಕಾದ ಪುಸ್ತಕಗಳನ್ನು ಐದು ಗಂಟೆಗೇ ಹೊರಗೆ ತೆಗೆದೆ. ಒಂಬತ್ತಕ್ಕೆ ನೋಡಿದರೆ ಒಂದೊಂದು ರಟ್ಟೂ ಹಪ್ಪಳದಂತೆ ಸುರುಟಿಕೊಂಡಿತ್ತು. ನೂರನ್ನೂ ಬಿಚ್ಚಿ, ನನ್ನ ಖರ್ಚಿನಲ್ಲಿ ಹೊಸ ರಟ್ಟು ಹಾಕಿಕೊಟ್ಟೆ. ಅದೇ ವಾರ ಪೂರ್ತಿ ದರ ಕೊಟ್ಟು ತಿಂಗಳ ಮುಂಚೆಯೇ ಕೆಲಸ ಒಪ್ಪಿಸಿದ್ದವರಿಗೆ ಹೇಳಿದ ದಿನ ಪುಸ್ತಕ ಕೊಡಲಾಗಲಿಲ್ಲ. ಅವರು ಮತ್ತೆ ಬರಲಿಲ್ಲ. ಆ ನಷ್ಟವನ್ನು ನಾನು ಯಾವ ಪುಟದಲ್ಲಿ ಬರೆಯಲಿ? ಅರ್ಥಶಾಸ್ತ್ರದವರು ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಒಂದನ್ನು ಆರಿಸಿಕೊಂಡದ್ದರಿಂದ ಕೈಬಿಟ್ಟ ಇನ್ನೊಂದರ ಬೆಲೆ ಅದು. ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲೇ ಒಬ್ಬ ಯುವ ವ್ಯಾಪಾರಿಗೆ ಇದೇ ಮಾತು ಬರೆದಿದ್ದರು: ಅರ್ಧ ದಿನ ಸುಮ್ಮನೆ ಕಳೆದವನು ಆ ಹೊತ್ತಿನಲ್ಲಿ ಮಾಡಿದ ಖರ್ಚನ್ನಷ್ಟೇ ಲೆಕ್ಕ ಹಾಕಿದರೆ ಸಾಲದು, ದುಡಿಯಬಹುದಾಗಿದ್ದ ಅರ್ಧ ದಿನದ ಕೂಲಿಯನ್ನೂ ಸೇರಿಸಬೇಕು ಎಂದು. ಲೆಕ್ಕ ಸರಿ. ಆದರೆ ಈ ಮಾತನ್ನು ಹಿಡಿದುಕೊಂಡು ವಿಶ್ರಾಂತಿಯ ಹೊತ್ತನ್ನೂ ನಷ್ಟದ ಖಾತೆಗೆ ಬರೆಯುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ.

ಎಪ್ಪತ್ತೆರಡು ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣವೂ ಅದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರ, ಅವರಲ್ಲಿ ಹೆಚ್ಚಿನವರು ಹೆಂಗಸರು, ಕೆಲಸದ ಗಂಟೆ ಮತ್ತು ಉತ್ಪಾದನೆಯ ದಾಖಲೆಗಳು ಉಳಿದಿವೆ. ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರಲ್ಲಿ ಅವನ್ನು ಮತ್ತೆ ವಿಶ್ಲೇಷಿಸಿದರು. ವಾರಕ್ಕೆ 70 ಗಂಟೆ ದುಡಿದಾಗ ಆದ ಕೆಲಸಕ್ಕೂ 56 ಗಂಟೆ ದುಡಿದಾಗ ಆದ ಕೆಲಸಕ್ಕೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ಹದಿನಾಲ್ಕು ಗಂಟೆ ಸುಮ್ಮನೆ ಹೋಯಿತು. ಕೈಯಿಂದ ಮಾಡುವ, ಮತ್ತೆ ಮತ್ತೆ ಅದನ್ನೇ ಮಾಡುವ ಕೆಲಸ ಅವರದು, ನಿಮ್ಮದೂ ಹಾಗೆಯೇ. ರಾತ್ರಿ ಹತ್ತರ ಮೇಲೆ ಹೊಲಿದು ಬೆಳಿಗ್ಗೆ ಬಿಚ್ಚಿದ ಹೊಲಿಗೆಗಳನ್ನು ನೆನಪಿಸಿಕೊಳ್ಳಿ, ನಾನು ಹೇಳುವುದು ತಿಳಿಯುತ್ತದೆ. ಈ ತಿಂಗಳೇ ನಲವತ್ತಕ್ಕೆ ಇಳಿಯಲು ಆಗುವುದಿಲ್ಲ, ಒಪ್ಪಿಕೊಂಡ ಕೆಲಸ ಇದೆ. ಮೊದಲು ಐವತ್ತಾರಕ್ಕೆ ಇಳಿಸಿ. ಹೊಸ ದರ ಕೂಡಿಬಂದಂತೆ ಉಳಿದದ್ದನ್ನೂ ಇಳಿಸುತ್ತಾ ಹೋಗಿ.

ಸಂದೇಶಗಳಿಗೆ ದಿನಕ್ಕೆ ಎರಡು ಹೊತ್ತು ಸಾಕು, ಬೆಳಿಗ್ಗೆ ಒಂದು, ಸಂಜೆ ಒಂದು. ‘ಈ ವೇಳೆಯಲ್ಲಿ ಉತ್ತರಿಸುತ್ತೇನೆ’ ಎಂದು ನಿಮ್ಮ ಮೊಬೈಲಿನ ಸ್ವಯಂ ಉತ್ತರದಲ್ಲಿ ಹಾಕಿಬಿಡಿ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಮನಸ್ಸಿನ ಒಂದು ಭಾಗ ಹಳೆಯದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿಕೊಟ್ಟರು. ಜಿಪ್ ಕೂರಿಸುವಾಗ ಬಂದ ಒಂದು ಸಂದೇಶಕ್ಕೆ ಒಂದೇ ನಿಮಿಷ ಹೋದಂತೆ ಕಾಣುತ್ತದೆ. ಜಿಪ್ಪಿನ ಹೊಲಿಗೆ ಸೊಟ್ಟಗಾಗಿರುವುದು ಆಮೇಲೆ ಕಾಣುತ್ತದೆ.

ಮನೆಯವರ ವಿಷಯ ಹೆಚ್ಚು ನಾಜೂಕಿನದು. ‘ಹೇಗೂ ಮನೆಯಲ್ಲೇ ಇರುತ್ತೀಯಲ್ಲ’ ಎನ್ನುವವರು ಕೆಟ್ಟವರಲ್ಲ. ನಿಮ್ಮ ಕೆಲಸ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ. ಕಚೇರಿಗೆ ಹೋಗುವಾಗ ಚಪ್ಪಲಿ ಹಾಕಿಕೊಂಡು ಬಾಗಿಲು ದಾಟುತ್ತಿದ್ದಿರಿ, ಅದನ್ನು ಎಲ್ಲರೂ ನೋಡುತ್ತಿದ್ದರು. ಈಗಲೂ ಅವರಿಗೆ ಕಾಣುವಂಥ ಒಂದು ಗುರುತು ಬೇಕು. ಬಾಗಿಲು ಇದ್ದರೆ ಮುಚ್ಚಿ. ಇಲ್ಲದಿದ್ದರೆ ಯಂತ್ರದ ಮೇಲಿನ ದೀಪ ಉರಿಯುತ್ತಿದ್ದರೆ ನಾನು ಕೆಲಸದಲ್ಲಿದ್ದೇನೆ ಎಂದು ಎಲ್ಲರನ್ನೂ ಕೂರಿಸಿಕೊಂಡು ಒಮ್ಮೆ ಹೇಳಿ. ಅದಕ್ಕಿಂತ ಮುಖ್ಯವಾಗಿ, ದೀಪ ಆರಿಸುವ ಹೊತ್ತಿಗೆ ನೀವು ನಿಜವಾಗಿಯೂ ಆರಿಸಬೇಕು. ಹನ್ನೆರಡು ಗಂಟೆಯೂ ಉರಿಯುವ ದೀಪವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ‘ಯಾರಾದರೂ ಸ್ವಲ್ಪ ಸಹಾಯ ಮಾಡಿ’ ಎಂದು ಗಾಳಿಗೆ ಹೇಳಿದ ಮಾತೂ ಗಾಳಿಗೇ ಹೋಗುತ್ತದೆ. ಇಂಥವರು, ಇಂಥ ಕೆಲಸ, ಇಂಥ ದಿನ ಎಂದು ಹೆಸರು ಹಿಡಿದು ಕೇಳಿ.

ಬೆಳಗಿನ ಆ ಮೊದಲ ಹತ್ತು ನಿಮಿಷಕ್ಕೆ ನನಗೆ ಗೊತ್ತಿರುವ ಒಂದು ಉಪಾಯವಿದೆ. ರಾತ್ರಿ ಕೆಲಸ ನಿಲ್ಲಿಸುವಾಗ ಒಂದು ಹೊಲಿಗೆಯನ್ನು ಬೇಕೆಂದೇ ಅರ್ಧಕ್ಕೆ ಬಿಡಿ. ಸೂಜಿ ಬಟ್ಟೆಯೊಳಗೆ ಇಳಿದಿರಲಿ, ಬಟ್ಟೆಯನ್ನು ಒತ್ತಿಹಿಡಿಯುವ ಒತ್ತುಪಾದ ಕೆಳಗಿರಲಿ. ಬೆಳಿಗ್ಗೆ ಏನು ಮಾಡಲಿ ಎಂದು ಯೋಚಿಸುವುದೇ ಬೇಡ, ಕುಳಿತು ಕಾಲು ಒತ್ತಿದರೆ ಸಾಕು. ಅದರ ಜೊತೆಗೆ ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂಬ ರೂಪದಲ್ಲಿ ಒಂದು ವಾಕ್ಯ ಬರೆದಿಡಿ: ‘ಬೆಳಗಿನ ಪಾತ್ರೆ ತೊಳೆದು ಕೈ ಒರೆಸಿದ ಕೂಡಲೇ ಯಂತ್ರದ ದೀಪ ಹಾಕುತ್ತೇನೆ.’ ಬರೀ ‘ನಾಳೆಯಿಂದ ಬೇಗ ಶುರು ಮಾಡುತ್ತೇನೆ’ ಎಂದುಕೊಳ್ಳುವವರಿಗಿಂತ ಹೀಗೆ ಗಳಿಗೆಯನ್ನು ಗೊತ್ತುಮಾಡಿಕೊಂಡವರು ಅಂದುಕೊಂಡದ್ದನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ ಎಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ ಹಲವು ಪ್ರಯೋಗಗಳಲ್ಲಿ ಕಂಡುಕೊಂಡಿದ್ದಾರೆ. ಇದರಲ್ಲಿ ಇಚ್ಛಾಶಕ್ತಿಯ ಮಾತೇ ಇಲ್ಲ, ಅದಕ್ಕೇ ನನಗೆ ಇಷ್ಟ.

ಇನ್ನೊಂದು, ದಿನದ ಕೊನೆಗೆ ಎರಡು ಸಾಲು ಬರೆಯುವುದು. ತೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಎಂಬ ಸಂಶೋಧಕರು 238 ಜನ ನೌಕರರು ಬರೆದ ಸುಮಾರು 12,000 ದಿನಚರಿ ಬರಹಗಳನ್ನು ಓದಿದರು. ಯಾವ ದಿನ ಮನಸ್ಸು ಹಗುರಾಗಿ, ಕೆಲಸದಲ್ಲಿ ಹುರುಪು ಇತ್ತು ಎಂದು ನೋಡಿದಾಗ, ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಒಂದೇ ಕಾರಣ: ತಮಗೆ ಅರ್ಥವಿದೆ ಎನಿಸಿದ ಕೆಲಸ ಆ ದಿನ ಒಂದು ಹೆಜ್ಜೆಯಾದರೂ ಮುಂದೆ ಹೋಗಿತ್ತು. ಸಣ್ಣ ಹೆಜ್ಜೆಯಾದರೂ ಸರಿ. ಒಬ್ಬರೇ ದುಡಿಯುವವರಿಗೆ ‘ಇವತ್ತು ಚೆನ್ನಾಗಿ ಆಯಿತು’ ಎನ್ನುವವರು ಯಾರೂ ಇರುವುದಿಲ್ಲ. ಹಾಗಾಗಿ ಆ ಹೆಜ್ಜೆಯನ್ನು ನೀವೇ ಬರೆದಿಡಬೇಕು. ‘ಇಂದು ಮೂಲೆ ಮಗುಚುವುದು ಮೊದಲಿಗಿಂತ ಸಲೀಸಾಯಿತು. ಹೊಸ ದರಕ್ಕೆ ಒಬ್ಬರು ಒಪ್ಪಿದರು.’ ಇಷ್ಟು ಸಾಕು. ಮಾರಿದ ಚೀಲಗಳ ಸಂಖ್ಯೆಯನ್ನು ಅಲ್ಲಿ ಬರೆಯಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ವಾರಕ್ಕೊಮ್ಮೆ, ಸ್ವಂತ ದುಡಿಮೆ ಮಾಡುವ ಇನ್ನೊಬ್ಬರೊಂದಿಗೆ ಅರ್ಧ ಗಂಟೆ ಮಾತಾಡಿ. ಅವರು ಚೀಲವನ್ನೇ ಹೊಲಿಯಬೇಕೆಂದಿಲ್ಲ. ಬೇರೆಯವರ ಅಂಗಡಿಯ ಫೋಟೊಗಳನ್ನು ನೋಡುತ್ತಾ ಹೊತ್ತು ಕಳೆಯುವ ಬದಲು ಒಬ್ಬ ಜೀವಂತ ಮನುಷ್ಯರ ಕಷ್ಟಸುಖ ಕೇಳಿದರೆ, ಎಲ್ಲರಿಗೂ ಬಾಬಿನ್ ಮುಗಿಯುತ್ತದೆ, ಎಲ್ಲರ ಸೂಜಿಯೂ ಮುರಿಯುತ್ತದೆ ಎಂದು ತಿಳಿಯುತ್ತದೆ.

ಮತ್ತೆ ಕೆಲಸಕ್ಕೆ ಸೇರಲೇ ಎಂದು ಕೇಳಿದ್ದೀರಿ. ಇಂದೇ ನಿರ್ಧರಿಸಬೇಡಿ. ತಪ್ಪು ದರದಲ್ಲಿ ಎಂಟು ತಿಂಗಳು ನಡೆದ ಉದ್ಯಮವನ್ನು ನೋಡಿ ಅದರ ಹಣೆಬರಹ ಹೇಳಲಾಗದು. ಹೊಸ ದರದಲ್ಲಿ ಮೂರು ತಿಂಗಳು ನಡೆಸಿ. ಕೊನೆಯ ದಿನದ ತಾರೀಖನ್ನು ಈಗಲೇ ಬರೆದಿಡಿ, ಕೈಯಲ್ಲಿರುವ ಉಳಿತಾಯ ಅಲ್ಲಿಯವರೆಗೆ ಬರುತ್ತದೆಯೇ ನೋಡಿಕೊಳ್ಳಿ. ಬಾರದಿದ್ದರೆ ಅವಧಿಯನ್ನು ಎರಡು ತಿಂಗಳಿಗೆ ಇಳಿಸಿ. ಆ ದಿನ ನೋಡಬೇಕಾದದ್ದು ಒಂದೇ ಅಂಕಿ: ಅಳೆದ ಗಂಟೆಗೆ ನಿಜವಾಗಿ ಕೈಗೆ ಬಂದದ್ದೆಷ್ಟು. ಆಗ ‘ಇಷ್ಟು ತಿಂಗಳು ಹಾಕಿದ್ದೇನಲ್ಲ’ ಎಂಬ ಯೋಚನೆ ಬಂದೇ ಬರುತ್ತದೆ. ಕಳೆದ ತಿಂಗಳುಗಳು ನೀವು ಮುಂದುವರಿದರೂ ಹಿಂದಿರುಗುವುದಿಲ್ಲ, ನಿಲ್ಲಿಸಿದರೂ ಹಿಂದಿರುಗುವುದಿಲ್ಲ. ಅವನ್ನು ತಕ್ಕಡಿಯಲ್ಲಿ ಇಡಬೇಡಿ. ಈ ಗಂಟೆಯ ಬೆಲೆಗೆ ಇವತ್ತು ಹೊಸದಾಗಿ ಶುರು ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಅರ್ಧ ಹೊತ್ತಿನ ನೌಕರಿ ಹಿಡಿದು ಉಳಿದರ್ಧ ಹೊಲಿಯುವ ದಾರಿಯೂ ಇದೆ. ಅದರಲ್ಲಿ ಸೋಲೇನೂ ಇಲ್ಲ. ಹೊಟ್ಟೆಯ ಚಿಂತೆ ಕಡಿಮೆಯಾದಾಗ ಸರಿಯಾದ ದರ ಹೇಳುವ ಧೈರ್ಯ ಎಷ್ಟೋ ಜನರಿಗೆ ತಾನಾಗಿ ಬಂದದ್ದನ್ನು ನೋಡಿದ್ದೇನೆ.

ಕೊನೆಗೆ ಆ ಮೂವತ್ತು ಚೀಲ. ತಲಾ 110 ನಿಮಿಷದಂತೆ 55 ಗಂಟೆ. ಒಟ್ಟಿಗೆ ಮಾಡುವುದರಿಂದ ಫೋಟೊ, ಸಂದೇಶ, ಕಟ್ಟುವ ಕೆಲಸ ಉಳಿಯುತ್ತದೆ ಎಂದು ಆ 28 ನಿಮಿಷವನ್ನು ಪೂರ್ತಿ ಕಳೆದರೂ 41 ಗಂಟೆ. ವಾರಕ್ಕೆ ನಿಮ್ಮ ಕೂಲಿ ಹುಟ್ಟುವುದು 24 ಗಂಟೆಯಲ್ಲಿ. ಅಂದರೆ ಒಂದೂ ಮುಕ್ಕಾಲು ವಾರದ ಸಂಪಾದನೆ. ಅದನ್ನು ಉಡುಗೊರೆಯಾಗಿ ಕೊಡುವ ಮನಸ್ಸಿದ್ದರೆ ಸಂತೋಷದಿಂದ ಕೊಡಿ, ಉಡುಗೊರೆ ಎಂದು ಹೇಳಿಯೇ ಕೊಡಿ. ಇಲ್ಲದಿದ್ದರೆ ಹೀಗೆ ಬರೆಯಿರಿ:

‘ನಿಮ್ಮ ಸಮಾರಂಭಕ್ಕೆ ನನ್ನ ಚೀಲ ಬೇಕೆನಿಸಿದ್ದು ತುಂಬಾ ಖುಷಿಯಾಯಿತು. ಮೂವತ್ತು ಚೀಲಕ್ಕೆ ನನಗೆ ಸುಮಾರು ಎರಡು ವಾರ ಹಿಡಿಯುತ್ತದೆ. ದರದ ಪಟ್ಟಿ ಕಳುಹಿಸುತ್ತಿದ್ದೇನೆ. ಒಳಪದರ ಇಲ್ಲದ ಸರಳ ಚೀಲದ ದರವೂ ಅದರಲ್ಲಿದೆ. ನಮ್ಮ ಮನೆಯ ಕಡೆಯಿಂದ ಐದು ಚೀಲ ಉಡುಗೊರೆ. ಯಾವುದು ಬೇಕೆಂದು ಈ ವಾರದೊಳಗೆ ತಿಳಿಸಿದರೆ ನಿಮ್ಮ ದಿನಕ್ಕೆ ಸರಿಯಾಗಿ ಮುಗಿಸಿಕೊಡುತ್ತೇನೆ.’

ಐದೋ ಮೂರೋ, ನಿಮ್ಮ ಕೈಲಾದಷ್ಟು. ಕಳುಹಿಸಿದ ಮೇಲೆ ಉತ್ತರಕ್ಕಾಗಿ ಕಾಯುತ್ತಾ ಕೂರಬೇಡಿ. ಸಂಜೆಯ ಸಂದೇಶದ ಹೊತ್ತಿಗೆ ನೋಡಿದರಾಯಿತು.